ಮನೆವಾರ್ತೆ: ತಂತಿ ಬಿಚ್ಚಿದ ಮೇಲೆ

ಮಕ್ಕಳ ಹಲ್ಲಿಗೆ ತಂತಿ ಕಟ್ಟಿಸುವುದು ಈಗ ಸಿರಿವಂತರ ಮನೆಯ ಸಂಗತಿಯಾಗಿ ಉಳಿದಿಲ್ಲ. ಸಂಬಳದ ಮೇಲೆ ಬದುಕುವ ನಮ್ಮಂಥವರೂ ಕಂತು ಕಂತಾಗಿ ಹಣ ಹೊಂದಿಸಿ ಆ ಕೆಲಸ ಮಾಡಿಸುತ್ತೇವೆ. ಮುಂಬಯಿಯ ಸರಕಾರಿ ದಂತ ಕಾಲೇಜು, ನಾಯರ್ ದಂತ ಕಾಲೇಜುಗಳಂಥ ಕಡೆ ಖಾಸಗಿ ವೈದ್ಯರಲ್ಲಿ ಆಗುವುದಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗುತ್ತದೆಂದು ಬಲ್ಲವರು ಅಲ್ಲಿಗೆ ಹೋಗುವುದೂ ಉಂಟು. ಆದರೆ ತಂತಿ ಬಿಚ್ಚಿದ ದಿನ ಮನೆಯಲ್ಲಿ ಪಾಯಸ ಮಾಡಿ, “ಮುಗಿಯಿತು” ಎಂದು ನಿಟ್ಟುಸಿರು ಬಿಡುವವರೇ ಹೆಚ್ಚು.

“ಏನ್ರೀ ರಾಯರೆ, ಮೊಮ್ಮಗಳ ಹಲ್ಲು ದಾಳಿಂಬೆ ಬೀಜ ಜೋಡಿಸಿದ ಹಾಗೆ ಆಗಿದೆ. ಇನ್ನೂ ರಿಟೇನರ್ ಎಂಬ ಸಾಮಾನು ಹಾಕಿಕೊಳ್ಳಬೇಕಂತೆ. ಇದೆಲ್ಲ ದುಡ್ಡು ಮಾಡುವ ಹಂಚಿಕೆಯಲ್ಲವೆ?” ಎಂದು ಸಂಘದ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಕೇಳಿದರು. ಅಲ್ಲ ಎಂಬುದೇ ನಮ್ಮ ಉತ್ತರ. ನಾವು ವೈದ್ಯರಲ್ಲ, ಕಡತ ಕಟ್ಟುವ ಗುಮಾಸ್ತರು. ಆದರೆ ಅಣ್ಣನ ಮಗಳನ್ನು ತಿಂಗಳಿಗೊಮ್ಮೆ ದಂತ ಕಾಲೇಜಿಗೆ ಕರೆದೊಯ್ದು, ಬೆಂಚಿನ ಮೇಲೆ ಕುಳಿತು ಕೇಳಿದ್ದು, ಮನೆಗೆ ಬಂದು ಓದಿದ್ದು ಇಷ್ಟಿದೆ.

ಹಲ್ಲು ಗೋಡೆಗೆ ಹೊಡೆದ ಮೊಳೆಯಂತಲ್ಲ. ಬೇರಿಗೂ ಎಲುಬಿಗೂ ನಡುವೆ ನವಿರಾದ ನಾರುಗಳ ಹಾಸು ಇದೆ. ತಂತಿ ಎಳೆದಾಗ ಒಂದು ಬದಿಯ ಎಲುಬು ಕರಗುತ್ತದೆ, ಇನ್ನೊಂದು ಬದಿಯಲ್ಲಿ ಹೊಸದು ಬೆಳೆಯುತ್ತದೆ, ಹಲ್ಲು ಸರಿಯುತ್ತದೆ. ಆದರೆ ಬೇರಿನ ಸುತ್ತಲ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು 3ರಿಂದ 4 ತಿಂಗಳು ಬೇಕು. ಒಸಡಿನಲ್ಲಿರುವ, ರಬ್ಬರಿನಂತೆ ಜಗ್ಗುವ ಎಳೆಗಳಿಗೆ ಒಂದು ವರುಷವೇ ಹಿಡಿಯಬಹುದು. ಅಲ್ಲಿಯ ತನಕ ಅವು ಹಲ್ಲನ್ನು ಹಳೆಯ ಠಾವಿನತ್ತ ಎಳೆಯುತ್ತಲೇ ಇರುತ್ತವೆ. ಇಪ್ಪತ್ತು ವರುಷ ಮುಂಬಯಿಯಲ್ಲಿದ್ದರೂ ‘ನಮ್ಮೂರು’ ಎಂದೊಡನೆ ಧಾರವಾಡವನ್ನೋ ಉಡುಪಿಯನ್ನೋ ನೆನೆಯುವ ನಮಗೆ ಈ ಸೆಳೆತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು, ರಿಟೇನರ್ ಬಿಟ್ಟು ಹತ್ತು ವರುಷವಾದರೂ ಕಳೆದಿದ್ದ 65 ಮಂದಿಯನ್ನು ಪರೀಕ್ಷಿಸಿ 1981ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೆಳಸಾಲಿನ ಮುಂದಿನ ಹಲ್ಲುಗಳು ಮತ್ತೆ ಸೊಟ್ಟಗಾಗಿದ್ದವು. ಮೇಲಾಗಿ, ಎಂದೂ ತಂತಿ ಕಟ್ಟಿಸದವರ ಕೆಳಹಲ್ಲುಗಳೂ ವಯಸ್ಸಾದಂತೆ ಇಕ್ಕಟ್ಟಾಗುವುದುಂಟು. ಆದ್ದರಿಂದ ರಿಟೇನರನ್ನು ಬಹುಕಾಲದ ಸಂಗಾತಿಯೆಂದೇ ತಿಳಿಯುವುದು ಲೇಸು.

ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಅಂಗುಳಿಗೆ ಒತ್ತಿ ಕೂರುವ ಗಟ್ಟಿ ಹಲಗೆ, ಮುಂದಕ್ಕೆ ತಂತಿ ಇರುವುದು ಮೊದಲನೆಯದು. ಸುಮಾರು ನೂರು ವರುಷದ ಹಿಂದೆ ಇದನ್ನು ರೂಪಿಸಿದ ಅಮೆರಿಕದ ಚಾರ್ಲ್ಸ್ ಹಾಲಿ ಎಂಬ ವೈದ್ಯರ ಹೆಸರೇ ಇದಕ್ಕೂ ಇದೆ. ನಮ್ಮ ಕಛೇರಿಯಲ್ಲಿ ‘ಹಾಲಿ’ ನೌಕರ ಎಂದರೆ ಈಗ ಜಾಗದಲ್ಲಿ ಇರುವವನು. ಹಲ್ಲನ್ನು ಹಾಲಿ ಜಾಗದಲ್ಲೇ ಇರಿಸುವ ಸಾಧನಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇಕೆ? ಇದು ಬಾಳಿಕೆಯದು, ತುಸು ಸಡಿಲಾದರೆ ಬಿಗಿಮಾಡಬಹುದು. ಆದರೆ ನಕ್ಕರೆ ತಂತಿ ಕಾಣುತ್ತದೆ. ಎರಡನೆಯದು ಹಲ್ಲಿನ ಅಚ್ಚಿನ ಮೇಲೆ ಕಾಯಿಸಿ ಕೂರಿಸಿದ ಪಾರದರ್ಶಕ ಪ್ಲಾಸ್ಟಿಕ್ಕು. ಕಣ್ಣಿಗೆ ಕಾಣಿಸದು, ಆದರೆ ಬೇಗ ಸವೆಯುತ್ತದೆ, ಸೀಳುತ್ತದೆ. ಮೂರನೆಯದು ಹಲ್ಲಿನ ಹಿಂಬದಿಗೆ ಅಂಟಿಸುವ ಸಣ್ಣ ತಂತಿ. ತೆಗೆಯುವ ಹಾಕುವ ತಾಪತ್ರಯವಿಲ್ಲ. ಆದರೆ ಸುತ್ತ ಕೊಳೆ ಕಟ್ಟುತ್ತದೆ, ಒಂದು ಹಲ್ಲಿನಿಂದ ಬಿಟ್ಟುಕೊಂಡರೂ ಗೊತ್ತಾಗದೆ ಹೋಗಬಹುದು. ಮರೆಗುಳಿ ಮಕ್ಕಳಿಗೆ ಮೂರನೆಯದು, ಹಲ್ಲು ತಿಕ್ಕಲು ಸೋಮಾರಿಯಾದವರಿಗೆ ಮೊದಲೆರಡು ಮೇಲೆಂದು ನಮಗೆ ತೋರುತ್ತದೆ. ಕೊನೆಯ ಮಾತು ವೈದ್ಯರದು.

ತೆಗೆದಿಡುವ ಬಗೆಯದನ್ನು ಸಾಮಾನ್ಯವಾಗಿ ಮೊದಲ ಕೆಲವು ತಿಂಗಳು ಊಟದ ಹೊತ್ತು ಬಿಟ್ಟು ಹಗಲಿರುಳು, ಅನಂತರ ರಾತ್ರಿ ಮಾತ್ರ ಹಾಕಿಕೊಳ್ಳಲು ಹೇಳುತ್ತಾರೆ. ಮೊದಲ ದಿನಗಳಲ್ಲಿ ‘ಸ’, ‘ಶ’ ಎನ್ನುವಾಗ ನಾಲಿಗೆ ತೊಡರುತ್ತದೆ. ಮಕ್ಕಳನ್ನು ಅಣಕಿಸಬೇಡಿರಿ. ದಿನವೂ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿರಿ; ಓದಲು ಕನ್ನಡ ಪುಸ್ತಕವನ್ನೇ ಕೊಟ್ಟರೆ ಒಂದೇ ಖರ್ಚಿನಲ್ಲಿ ಎರಡು ಕೆಲಸವಾದೀತು. ತೊಳೆಯಲು ತಣ್ಣೀರು, ಮೆದು ಬ್ರಷ್ಷು ಸಾಕು. ಬಿಸಿನೀರು ತಗಲಿದರೆ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ, ಪೇಸ್ಟು ಗೀರು ಮಾಡುತ್ತದೆ.

ನಮ್ಮ ಪರಿಚಯದ ಒಂದು ಮನೆಯಲ್ಲಿ ನಡೆದ ಸಂಗತಿ. ಮದುವೆಯೊಂದಕ್ಕೆ ಊರಿಗೆ ಹೋದಾಗ ಹುಡುಗಿ ರಿಟೇನರನ್ನು ಬಾಯಿಂದ ತೆಗೆದು ಎಲೆಯ ಅಂಚಿನಲ್ಲಿಟ್ಟು ಉಂಡಳು. ಕೈ ತೊಳೆದು ಬರುವಷ್ಟರಲ್ಲಿ ಎಲೆ ಎತ್ತಿಬಿಟ್ಟಿದ್ದರು. ಹೇಳಿದರೆ ಅಪ್ಪ ಬಯ್ದಾರೆಂದು ಅವಳು ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಗೊತ್ತಾಗುವ ಹೊತ್ತಿಗೆ ಮುಂದಿನೆರಡು ಹಲ್ಲುಗಳ ನಡುವೆ ಹಳೆಯ ಸಂದು ಮತ್ತೆ ಬಿಟ್ಟಿತ್ತು. ಹೊಸ ರಿಟೇನರಿನಿಂದ ತೀರುವ ಕೆಲಸವಾಗಿರಲಿಲ್ಲ. ಮತ್ತೆ ತಂತಿಯೇ ಕಟ್ಟಬೇಕಾಯಿತು. ಆ ತಂದೆ ಹಿಂದಿನ ಸಾಲವನ್ನೇ ಇನ್ನೂ ತೀರಿಸಿರಲಿಲ್ಲ. ಕಳೆದುಹೋದ ವಸ್ತುವಿಗಿಂತ ಅದನ್ನು ಮುಚ್ಚಿಟ್ಟ ಹೆದರಿಕೆಗೇ ಹೆಚ್ಚು ಬೆಲೆ ತೆರಬೇಕಾಯಿತು.

ಆದ್ದರಿಂದ ತಂದೆತಾಯಂದಿರಲ್ಲಿ ನಮ್ಮ ವಿನಂತಿ. ಬಾಯಲ್ಲಿ ಇಲ್ಲದಾಗ ರಿಟೇನರ್ ಡಬ್ಬಿಯಲ್ಲೇ ಇರಲಿ, ಕಾಗದದಲ್ಲಿ ಸುತ್ತಿಡುವುದು ಬೇಡ. ಕಳೆದರೆ, ಮುರಿದರೆ ಅದೇ ವಾರ ವೈದ್ಯರಲ್ಲಿಗೆ ಹೋಗಿರಿ. ಹಾಕಿದಾಗ ಬಿಗಿಯೆನಿಸಿದರೆ ಹಲ್ಲು ಸರಿಯುತ್ತಿದೆಯೆಂದು ಅರ್ಥ. ಕೂರದಿದ್ದರೆ ಒತ್ತಿ ಕೂರಿಸಬೇಡಿರಿ. ದಂತ ಕಾಲೇಜಿನಲ್ಲಿ ಚಿಕಿತ್ಸೆ ಮಾಡಿದ ವಿದ್ಯಾರ್ಥಿ ವೈದ್ಯರು ತಮ್ಮ ಮೂರು ವರುಷದ ಓದು ಮುಗಿಸಿ ಹೊರಟುಹೋಗುತ್ತಾರೆ. ಕೇಸ್ ಪೇಪರನ್ನು ಜೋಪಾನವಾಗಿಡಿರಿ. ಎಲ್ಲಕ್ಕಿಂತ ಮಿಗಿಲಾಗಿ, “ಕಳೆದುಹೋಯಿತು” ಎಂದು ಮಗು ಹೆದರದೆ ಬಂದು ಹೇಳುವಂತೆ ಮನೆ ಇರಲಿ. ಎಷ್ಟು ಬೇಗ ಹೇಳಿದರೆ ಖರ್ಚು ಅಷ್ಟು ಕಡಿಮೆ.