ಬಳಗ ಬೇರೆ, ನೆರೆ ಬೇರೆ

ನವಲಗುಂದದಲ್ಲಿ ಜಮಖಾನೆ ನೇಯುವ ಮುಸ್ಲಿಂ ಹೆಣ್ಣುಮಕ್ಕಳ ಮನೆಮಾತು ಉರ್ದು. ಕಲಘಟಗಿಯ ತಾಂಡಾಗಳಲ್ಲಿ ಲಂಬಾಣಿ. ಎರಡೂ ಇಂಡೋ-ಆರ್ಯನ್ ಬಳಗದವು, ಕನ್ನಡಕ್ಕೆ ರಕ್ತಸಂಬಂಧವಿಲ್ಲ. ಆದರೂ ನಮ್ಮ ಕಡೆಯ ದಖನಿ ಉರ್ದುವಿನಲ್ಲಿ ‘ಆತೂಂ ಬೋಲಕೆ ಬೋಲಾ’ ಅಂದರೆ, ಅದು ‘ಬರ್ತೇನಂತ ಹೇಳಿದ’ ಅನ್ನುವ ನಮ್ಮ ವಾಕ್ಯದ್ದೇ ಅಚ್ಚು. ದಿಲ್ಲಿಯ ಉರ್ದುವಿಗೆ ಈ ಕಟ್ಟು ಇಲ್ಲ.

ಹೋಲಿಕೆ ಕಂಡ ಕೂಡಲೇ ನಂಟು ಸಾರುವ ಆತುರ ದೊಡ್ಡ ವಿದ್ವಾಂಸರನ್ನೂ ಬಿಟ್ಟಿಲ್ಲ. ಕೆನಡಾದ ವ್ಯಾಂಕೂವರ್ ದ್ವೀಪದ ಆಸುಪಾಸಿನಲ್ಲಿ ವಾಕಾಶನ್ ಎಂಬ ಚಿಕ್ಕ ಭಾಷಾ ಕುಟುಂಬವಿದೆ. ಅದನ್ನು ನೆರೆಯ ಸಾಲಿಶ್, ಚಿಮಕುವನ್ ಕುಟುಂಬಗಳ ಜೊತೆಗೆ, ಅಲ್ಗೊಂಕಿನ್ ಭಾಷೆಗಳನ್ನೂ ಕೂಡಿಸಿ, 1929ರಲ್ಲಿ ಎಡ್ವರ್ಡ್ ಸಪೀರ್ ಒಂದೇ ಮಹಾಕುಟುಂಬ ಮಾಡಿದರು. ಅಲ್ಲಿನ ಒಂದು ಸಂಗತಿ ನಿಜಕ್ಕೂ ಬೆರಗಿನದು. ವಾಕಾಶನ್ ಬಳಗದ ಮಕಾ, ಚಿಮಕುವನ್ ಬಳಗದ ಕ್ವಿಲಿಯೂಟ್, ಸಾಲಿಶ್ ಬಳಗದ ಲುಶುಟ್‌ಸೀಡ್, ಈ ಮೂರರಲ್ಲೂ ಹಳೆಯ ‘ಮ’, ‘ನ’ಗಳು ‘ಬ’, ‘ಡ’ಗಳಾಗಿವೆ. ಇವುಗಳ ಒಡಹುಟ್ಟಿದ ಹೆಚ್ಚಿನ ಭಾಷೆಗಳಲ್ಲಿ ಮಾತ್ರ ‘ಮ’, ‘ನ’ ಹಾಗೇ ಉಳಿದಿವೆ. ಅಂದಮೇಲೆ ಈ ಗುಣ ಹುಟ್ಟಿನಿಂದ ಬಂದದ್ದಲ್ಲ, ಒಂದೇ ಕರಾವಳಿಯಲ್ಲಿ ಕೂಡಿ ಬಾಳಿದ್ದರಿಂದ ಬಂದದ್ದು. ಸಪೀರರ ಮಹಾಕುಟುಂಬವನ್ನು ಇಂದು ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ.

ನಮ್ಮಲ್ಲೂ ಇದೇ ನಡೆದಿದೆ. 1816ರಲ್ಲಿ ಎಲ್ಲಿಸ್, 1856ರಲ್ಲಿ ಕಾಲ್ಡ್‌ವೆಲ್ ದ್ರಾವಿಡ ಬಳಗವನ್ನು ಗುರುತಿಸಿದ್ದು ಗಟ್ಟಿಯಾಗಿ ನಿಂತಿತು. ನಮ್ಮ ‘ಕಿವಿ’ಗೆ ತಮಿಳಿನ ‘ಚೆವಿ’, ‘ಕೇರಿ’ಗೆ ‘ಚೇರಿ’ ಹೀಗೆ ನಿಯಮದಂತೆ ಸಾಲಾಗಿ ಸಿಗುತ್ತವೆ. ಅದೇ ಕಾಲ್ಡ್‌ವೆಲ್ ದ್ರಾವಿಡವನ್ನು ‘ಸಿಥಿಯನ್’ ಭಾಷೆಗಳಿಗೆ ಗಂಟುಹಾಕಿದ್ದು ನಿಲ್ಲಲಿಲ್ಲ.

ಹಾಗಂತ ನೆರೆಯ ಪ್ರಭಾವವೇನೂ ಕಡಿಮೆಯದಲ್ಲ. ನನ್ನ ಕಣ್ಣಿಗೆ ಅದೇ ಹೆಚ್ಚು ಮಾನವೀಯವಾದ ಚರಿತ್ರೆ. ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಗ್ರಾಮದ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಅಲ್ಲಿ ಜೈನರು, ಲಿಂಗಾಯತರು ಆಡುವ ಕನ್ನಡ, ಮುಸ್ಲಿಮರ ಉರ್ದು, ಜೊತೆಗೆ ಮರಾಠಿ, ಮೂರೂ ಶತಮಾನಗಳ ಒಡನಾಟದಲ್ಲಿ ವಾಕ್ಯರಚನೆಯಲ್ಲಿ ಒಂದಕ್ಕೊಂದು ತೀರಾ ಹತ್ತಿರ ಬಂದಿವೆ. ಪದಗಳು ಮಾತ್ರ ಬಹುಮಟ್ಟಿಗೆ ಅವರವರವೇ. ಕನ್ನಡವೂ ಬಾಗಿದೆ: ‘ನಿಮ್ ಮನಿ ಯಾವ್ದು’ ಎಂದರೆ ಸಾಕಾಗುವಲ್ಲಿ ಕೊನೆಗೊಂದು ‘ಐತಿ’ ಬಂದು ಕೂಡುತ್ತದೆ.

ಕುಂದಗೋಳ, ಅಣ್ಣಿಗೇರಿ, ನವಲಗುಂದ, ಕಲಘಟಗಿಯ ಓದುಗರಲ್ಲಿ, ಅದರಲ್ಲೂ ಶಾಲಾ ಶಿಕ್ಷಕರಲ್ಲಿ ನಮ್ಮದೊಂದು ಕೇಳಿಕೆ. ನಿಮ್ಮ ಓಣಿಯ ಉರ್ದು, ಮರಾಠಿ, ನಿಮ್ಮ ತಾಂಡಾದ ಲಂಬಾಣಿ, ಅವುಗಳ ಪಕ್ಕದ ಕನ್ನಡ, ಇವುಗಳ ವಾಕ್ಯಗಳನ್ನು ಆಡಿದಂತೆಯೇ ಬರೆದು ಕಳಿಸಿ. ತಿದ್ದಬೇಡಿ. ಮುಂದಿನ ಸಂಚಿಕೆಗಳಲ್ಲಿ ಅವಕ್ಕೆ ಜಾಗ ಮೀಸಲಿಟ್ಟಿದ್ದೇವೆ.