ಮೊದಲ ಮಳೆ ಮತ್ತು ರಸ್ತೆಯ ಧೂಳು

ಬೇಸಗೆಯ ಧಗೆಯಲ್ಲಿ ಬೆಂದ ಬೆಂಗಳೂರಿನ ಮೇಲೆ ಮೊದಲ ಮಳೆ ಸುರಿದಾಗ, ಊರೆಲ್ಲ ತೊಳೆದಂತಾಯಿತೆಂದು ನಾವು ಹಿಗ್ಗುತ್ತೇವೆ. ತೊಳೆದ ನೀರು ಎಲ್ಲಿಗೆ ಹೋಯಿತೆಂದು ಕೇಳುವವರು ವಿರಳ. ಅದು ಮೋರಿಯಿಂದ ರಾಜಕಾಲುವೆಗೂ, ರಾಜಕಾಲುವೆಯಿಂದ ಕೆರೆಗೂ ಹರಿಯುತ್ತದೆ.

ಮಳೆಯಿಲ್ಲದ ತಿಂಗಳುಗಳಲ್ಲಿ ರಸ್ತೆಯ ಮೇಲೆ ಶೇಖರವಾಗುವುದು ಬರಿಯ ಮಣ್ಣಲ್ಲ. ಸವೆದ ಟೈರುಗಳ ರಬ್ಬರು ಮತ್ತು ಸತು, ಬ್ರೇಕುಗಳ ತಾಮ್ರ, ಎಂಜಿನುಗಳ ಎಣ್ಣೆ ಮತ್ತು ಮಸಿ ಅದರಲ್ಲಿ ಬೆರೆತಿರುತ್ತವೆ. ಮಳೆಯ ಮೊದಲ ಹರಿವೇ ಇದರ ದೊಡ್ಡ ಪಾಲನ್ನು ಹೊತ್ತೊಯ್ಯುವುದುಂಟು. ರಸ್ತೆಯಂಚಿನಲ್ಲಿ ಹರಿಯುವ ಮೊದಲ ನೀರನ್ನೂ, ಒಂದು ಗಂಟೆಯ ತರುವಾಯದ ನೀರನ್ನೂ ಎರಡು ಗಾಜಿನ ಸೀಸೆಗಳಲ್ಲಿ ಹಿಡಿದು ವಿದ್ಯಾರ್ಥಿಗಳು ಹೋಲಿಸಿ ನೋಡಬಹುದು.

ರಸ್ತೆಯನ್ನು ಗುಡಿಸಿದರೆ ಸಾಲದೆ? ಸಾಲದು. ಅಮೆರಿಕದ ನಗರಗಳ ರಸ್ತೆಯ ಧೂಳನ್ನು ಪರೀಕ್ಷಿಸಿದ ಸಾರ್ಟರ್ ಮತ್ತು ಬಾಯ್ಡ್ ಎಂಬವರು 1972ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. 0.043 ಮಿಲಿಮೀಟರಿಗಿಂತ ಸಣ್ಣ ಕಣಗಳು ತೂಕದಲ್ಲಿ ಶೇಕಡ 6ರಷ್ಟೇ ಇದ್ದರೂ, ಭಾರಲೋಹಗಳಲ್ಲಿ ಅರ್ಧಕ್ಕೂ ಮಿಗಿಲಾದ ಪಾಲು ಅವುಗಳಲ್ಲಿಯೇ ಇದ್ದಿತು! ಗುಡಿಸುವ ಯಂತ್ರಗಳು ಬಹುಮಟ್ಟಿಗೆ ಬಿಟ್ಟುಹೋದುದೂ ಈ ಕಣಗಳನ್ನೇ.

ಇದರ ಹಿಂದಿರುವುದು ಸರಳವಾದ ಭೌತಶಾಸ್ತ್ರ. ಕಣಗಳ ವ್ಯಾಸ ಹತ್ತರಲ್ಲೊಂದು ಪಾಲಾದರೆ, ಒಂದು ಗ್ರಾಂ ಧೂಳಿನ ಮೇಲ್ಮೈ ಹತ್ತು ಪಟ್ಟಾಗುತ್ತದೆ. ಲೋಹವೂ ಎಣ್ಣೆಯೂ ಅಂಟಿಕೊಳ್ಳುವುದು ಈ ಮೇಲ್ಮೈಗೆ. ಅಲ್ಲದೆ, ಸ್ಟೋಕ್ಸನ ನಿಯಮದಂತೆ, ಅಷ್ಟು ಸಣ್ಣ ಕಣವು ನಿಂತ ನೀರಿನಲ್ಲಿ ತಳ ಸೇರಲು ನೂರು ಪಟ್ಟು ಕಾಲ ಹಿಡಿಯುತ್ತದೆ. ಆದುದರಿಂದ ದಪ್ಪ ಮರಳು ಮೋರಿಯಲ್ಲಿ ಉಳಿಯುತ್ತದೆ. ವಿಷವನ್ನು ಹೊತ್ತ ನುಣ್ಣನೆಯ ಧೂಳು ಕೆರೆಯನ್ನು ಸೇರುತ್ತದೆ.

ಇಂತಿರಲು, ಕಣ್ಣಿಗೆ ಕಾಣುವ ಕಸ ಹೋದೊಡನೆ ರಸ್ತೆ ಶುಚಿಯಾಯಿತೆಂದು ಭಾವಿಸುವುದು ಆತ್ಮವಂಚನೆ. ನುಣ್ಣನೆಯ ಧೂಳನ್ನು ಯಂತ್ರಗಳಿಂದ ಹೀರಿ ತೆಗೆಯುವ ಕೆಲಸ ಮೊದಲ ಮಳೆಗೆ ಮುನ್ನವೇ ಮುಗಿಯಬೇಕು. ಗುಡಿಸಿದ ಧೂಳನ್ನು ಮೋರಿಗೆ ತಳ್ಳುವ ಅಭ್ಯಾಸ ಎಲ್ಲಿದ್ದರೂ ನಿಲ್ಲಬೇಕು. ಕಾಲುವೆಯು ಕೆರೆಯನ್ನು ಕೂಡುವೆಡೆಯಲ್ಲಿ ಜೊಂಡು ಬೆಳೆದ ಹೊಂಡವಿದ್ದು, ಮೊದಲ ಹರಿವು ಅಲ್ಲಿ ತಂಗಿ, ತಿಳಿಯಾಗಿ ಮುಂದೆ ಸಾಗಬೇಕು. ಇದಕ್ಕೆ ಹಣ ವೆಚ್ಚವಾಗುವುದು ನಿಜ. ಆದರೆ ಲೋಹವು ಎಲೆಯಂತೆ ಕೊಳೆತು ಇಲ್ಲವಾಗುವ ವಸ್ತುವಲ್ಲ. ಇಂದು ನಾವು ರಸ್ತೆಯಿಂದ ಎತ್ತದೆ ಬಿಟ್ಟುದನ್ನು, ನಾಳೆ ನಮ್ಮ ಮಕ್ಕಳು ಕೆರೆಯ ಹೂಳಿನಿಂದ ಎತ್ತಬೇಕಾದೀತು.