ಎಂಜಿನಿಯರಿಂಗ್ ವಿದ್ಯಾರ್ಥಿನಿಯರ ದಿನಾಚರಣೆ: ಗಡಿನಾಡಿನ ಕನ್ನಡ ಶಾಲೆಗೆ ಆಹ್ವಾನವೇಕಿಲ್ಲ?

ಫೆಬ್ರವರಿ 11 ವಿಜ್ಞಾನ ಕ್ಷೇತ್ರದ ಮಹಿಳೆಯರ ಮತ್ತು ಬಾಲಕಿಯರ ಅಂತಾರಾಷ್ಟ್ರೀಯ ದಿನ. ಮಾರ್ಚ್ 8 ಮಹಿಳಾ ದಿನ. ಜೂನ್ 23 ಮಹಿಳಾ ಎಂಜಿನಿಯರುಗಳ ಅಂತಾರಾಷ್ಟ್ರೀಯ ದಿನ. ಎಂಜಿನಿಯರಿಂಗ್ ಕಾಲೇಜುಗಳ ವಾರ್ಷಿಕ ಕಾರ್ಯಕ್ರಮ ಪಟ್ಟಿಯಲ್ಲಿ ಈ ಮೂರು ದಿನಗಳಿಗೆ ಈಗ ಸ್ಥಿರವಾದ ಸ್ಥಾನವಿದೆ. ಮೂರನೆಯದು ಬ್ರಿಟನ್ನಿನಲ್ಲಿ 1919ರಷ್ಟು ಹಿಂದೆಯೇ ಸ್ಥಾಪನೆಗೊಂಡ ಮಹಿಳಾ ಎಂಜಿನಿಯರುಗಳ ಸಂಘವು 2014ರಲ್ಲಿ ಆರಂಭಿಸಿದ ಆಚರಣೆ. ನಮ್ಮಲ್ಲಿ ಇವುಗಳನ್ನು ಬಹುಮಟ್ಟಿಗೆ ಐಇಇಇ ಸಂಸ್ಥೆಯ ವಿದ್ಯಾರ್ಥಿನಿಯರ ಘಟಕಗಳೂ ಕಾಲೇಜಿನ ಮಹಿಳಾ ವೇದಿಕೆಗಳೂ ನಡೆಸುತ್ತವೆ. ಕಂಪನಿಯಿಂದ ಬಂದ ಹಿರಿಯ ಮಹಿಳೆಯೊಬ್ಬರ ಉಪನ್ಯಾಸ, ಕೋಡಿಂಗ್ ಸ್ಪರ್ಧೆ, ಸಂದರ್ಶನಕ್ಕೆ ಸಿದ್ಧತೆಯ ತರಬೇತಿ, ಕೊನೆಗೆ ಪ್ರಮಾಣಪತ್ರ.

ಇವು ವ್ಯರ್ಥವೆಂದು ಹೇಳುವುದು ಅನ್ಯಾಯವಾದೀತು. ಅರುವತ್ತು ಮಂದಿಯ ಮೆಕ್ಯಾನಿಕಲ್ ತರಗತಿಯಲ್ಲಿ ಮೂವರೋ ನಾಲ್ವರೋ ಹುಡುಗಿಯರು ಕುಳಿತಿರುವಲ್ಲಿ, ತಮ್ಮಂತೆಯೇ ಕಲಿತು ಮುಂದೆ ಹೋದ ಒಬ್ಬಾಕೆಯನ್ನು ಕಣ್ಣಾರೆ ಕಾಣುವುದು ಸಣ್ಣ ಸಂಗತಿಯಲ್ಲ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2020-21ರ ವರದಿಯಂತೆ ಎಂಜಿನಿಯರಿಂಗ್ ಪದವಿ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳ ಪಾಲು ಸುಮಾರು ಶೇ. 29. ಐಐಟಿಗಳಲ್ಲಿ 2016ರ ಸುಮಾರಿಗೆ ಅದು ಶೇ. 8ರಷ್ಟಿತ್ತು, 2018ರಿಂದ ವಿದ್ಯಾರ್ಥಿನಿಯರಿಗೆಂದೇ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಿ 2020ರ ವೇಳೆಗೆ ಶೇ. 20ಕ್ಕೆ ಏರಿಸುವ ಗುರಿಯನ್ನು ಇಟ್ಟುಕೊಳ್ಳಲಾಯಿತು. ಅಲ್ಲಿ ಅಂಕಿಯನ್ನು ಮೇಲೆತ್ತಿದ್ದು ಸೀಟು. ಉಪನ್ಯಾಸದ ಕೆಲಸ ಅದರ ನಂತರದ್ದು.

ನಮ್ಮ ಪ್ರಶ್ನೆ ಬೇರೆ. ಈ ಕಾರ್ಯಕ್ರಮಗಳ ಸಭಾಂಗಣದಲ್ಲಿ ಕುಳಿತವರು ಕಾಲೇಜಿನ ಬಾಗಿಲನ್ನು ಆಗಲೇ ದಾಟಿದವರು. ಮಂಜೇಶ್ವರದ, ತಾಳವಾಡಿಯ, ಅಕ್ಕಲಕೋಟೆಯ, ಮಡಕಶಿರಾದ ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಗಣಿತದಲ್ಲಿ ಮುಂದಿರುವ ಹುಡುಗಿ ಆ ಬಾಗಿಲಿಗೆ ಬರುವ ಮೊದಲೇ ಬೇರೆ ದಾರಿ ಹಿಡಿದಿರುತ್ತಾಳೆ. ಆಕೆಗೆ ಬೇಕಾದುದು ಸ್ಫೂರ್ತಿಗಿಂತ ಹೆಚ್ಚಾಗಿ ಮಾಹಿತಿ, ಅದೂ ಆಕೆಯ ಮನೆಯವರಿಗೆ ತಿಳಿಯುವ ಮಾತಿನಲ್ಲಿ.

ಈ ದೃಷ್ಟಿಯಿಂದ ನಮ್ಮ ದೇಶದ ಮೊದಲ ಮಹಿಳಾ ಎಂಜಿನಿಯರುಗಳ ಕಥೆಯನ್ನು ಮತ್ತೆ ಓದಬೇಕು. ಅಯ್ಯಲಸೋಮಯಾಜುಲ ಲಲಿತಾ ಹದಿನೈದರಲ್ಲಿ ಮದುವೆಯಾಗಿ, ಹದಿನೆಂಟರಲ್ಲಿ ಕೈಗೂಸಿನೊಡನೆ ವಿಧವೆಯಾದವರು. 1940ರಲ್ಲಿ ಮದರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜನ್ನು ಸೇರಿದರು. ಅಲ್ಲಿಯೇ ಪ್ರಾಧ್ಯಾಪಕರಾಗಿದ್ದ ತಂದೆ ಅದಕ್ಕಾಗಿ ಅಧಿಕಾರಿಗಳ ಒಪ್ಪಿಗೆ ಪಡೆಯಬೇಕಾಯಿತು. ಹುಡುಗರಷ್ಟೇ ಇದ್ದ ಆ ಕಾಲೇಜಿನಲ್ಲಿ ಆಕೆ ಒಂಟಿ. ಆಗ ಕಾಲೇಜು ಮಾಡಿದ ಕೆಲಸ ತೀರ ಸರಳವಾದದ್ದು: ಸ್ತ್ರೀಯರಿಗೂ ಪ್ರವೇಶವಿದೆ ಎಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತು. ಅದರಿಂದ ಕೇರಳದ ಕಡೆಯ ಇಬ್ಬರು, ಪಿ. ಕೆ. ತ್ರೇಸ್ಯಾ ಮತ್ತು ಲೀಲಮ್ಮ ಜಾರ್ಜ್, ಬಂದು ಸೇರಿದರು. ಲಲಿತಾ ಮುಂದೆ ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಮಾರ್ಗಗಳ ವಿನ್ಯಾಸದಲ್ಲಿ ಕೆಲಸ ಮಾಡಿದರು. ತ್ರೇಸ್ಯಾ 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಆದರು. ಪತ್ರಿಕೆಯ ನಾಲ್ಕು ಸಾಲಿನ ಪ್ರಕಟಣೆ ಆ ದಿನಗಳಲ್ಲಿ ಅಷ್ಟು ದೂರದ ಮನೆಯನ್ನು ಮುಟ್ಟಿತು. ಇಂದಿನ ಬಣ್ಣದ ಪೋಸ್ಟರು ಕಾಲೇಜಿನ ವಾಟ್ಸ್‌ಆ್ಯಪ್ ಗುಂಪನ್ನು ದಾಟುವುದಿಲ್ಲ.

ನಮ್ಮ ಮನೆಗಳು ತಿಳಿದಿರಬೇಕಾದ ಮಾಹಿತಿಯಾದರೂ ಎಷ್ಟು ಗೋಜಲಿನದು! ಒಂದೇ ಭಾಷೆಯನ್ನಾಡುವ ನಮಗೆ ರಾಜ್ಯಕ್ಕೊಂದು ನಿಯಮ. ಮಹಾರಾಷ್ಟ್ರ ಸರ್ಕಾರವು 2024ರ ಜುಲೈ ತಿಂಗಳ ಆದೇಶದಂತೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿರುವ ಆರ್ಥಿಕ ದುರ್ಬಲ ಹಾಗೂ ಹಿಂದುಳಿದ ವರ್ಗಗಳ ಹುಡುಗಿಯರಿಗೆ ವೃತ್ತಿಶಿಕ್ಷಣದ ಬೋಧನಾ ಶುಲ್ಕವನ್ನೂ ಪರೀಕ್ಷಾ ಶುಲ್ಕವನ್ನೂ ಪೂರ್ತಿ ಮನ್ನಾ ಮಾಡಿದೆ. ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆಯ ಮೂಲಕ ಸೀಟು ಪಡೆದಿರಬೇಕು ಎಂಬುದು ಷರತ್ತು. ಜತ್ತ, ಅಕ್ಕಲಕೋಟೆಗಳ ಎಷ್ಟು ಕನ್ನಡ ಶಾಲೆಗಳ ಸೂಚನಾಫಲಕದಲ್ಲಿ ಇದು ಕನ್ನಡದಲ್ಲಿ ಬಂದಿದೆ?

ತಮಿಳುನಾಡಿನಲ್ಲಿ ಎಂಜಿನಿಯರಿಂಗಿಗೆ ಪ್ರವೇಶ ಪರೀಕ್ಷೆಯಿಲ್ಲ, ಹನ್ನೆರಡನೆಯ ತರಗತಿಯ ಅಂಕಗಳೇ ಆಧಾರ. 2021ರ ಕಾಯ್ದೆಯ ಪ್ರಕಾರ ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಶೇ. 7.5 ಮೀಸಲಾತಿಯಿದ್ದು, ಅವರ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ಶಾಲೆ ಸರ್ಕಾರದ್ದೇ ಎಂಬುದು ಇಲ್ಲಿ ಮುಖ್ಯ. ಆದ್ದರಿಂದ ತಾಳವಾಡಿ, ಹೊಸೂರುಗಳ ಸರ್ಕಾರಿ ಕನ್ನಡ ಶಾಲೆಯ ಮಕ್ಕಳು ಇದನ್ನು ಕೇಳಿ ಪಡೆಯಬೇಕು. ಕಾಲೇಜಿಗೆ ಹೋಗುವ ಹುಡುಗಿಯರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ‘ಪುದುಮೈ ಪೆಣ್’ ಯೋಜನೆಯೂ 2022ರಲ್ಲಿ ಸರ್ಕಾರಿ ಶಾಲೆಯವರಿಗೆಂದೇ ಆರಂಭವಾಯಿತು. ಆದರೆ 2024ರ ಕೊನೆಯಲ್ಲಿ ಅದನ್ನು ಅನುದಾನಿತ ಶಾಲೆಗಳಿಗೆ ವಿಸ್ತರಿಸಿದಾಗ ‘ತಮಿಳು ಮಾಧ್ಯಮ’ ಎಂಬ ವಿಶೇಷಣ ಸೇರಿಕೊಂಡಿತು. ಭಾಷಾ ಅಲ್ಪಸಂಖ್ಯಾತರ ಅನುದಾನಿತ ಶಾಲೆಯ ಹುಡುಗಿ ಏನು ತಪ್ಪು ಮಾಡಿದಳು? ಈ ಪ್ರಶ್ನೆಯನ್ನು ನಮ್ಮ ಸಂಘಟನೆಗಳು ಎತ್ತಬೇಕಾದ ರೀತಿಯಲ್ಲಿ ಇನ್ನೂ ಎತ್ತಿಲ್ಲ.

ಕೇಂದ್ರದ ಜೆಇಇ ಮುಖ್ಯ ಪರೀಕ್ಷೆಯಲ್ಲಿ ಇನ್ನೊಂದು ವಿಚಿತ್ರವಿದೆ. 2021ರಿಂದ ಅದು ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತಿದೆ. ನಮ್ಮ ಪತ್ರಿಕೆಗಳೆಲ್ಲ ಸಂಭ್ರಮದಿಂದಲೇ ಬರೆದವು. ಆದರೆ ಕನ್ನಡ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದೊಳಗಿನ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನಲ್ಲೋ ಸೊಲ್ಲಾಪುರದಲ್ಲೋ ಪರೀಕ್ಷೆಗೆ ಕುಳಿತವಳಿಗೆ ತನ್ನ ಶಾಲೆಯ ಭಾಷೆಯ ಆಯ್ಕೆಯೇ ಇಲ್ಲ. ಮಂಗಳೂರನ್ನೋ ವಿಜಯಪುರವನ್ನೋ ಕೇಂದ್ರವಾಗಿ ಆರಿಸಿಕೊಳ್ಳಬೇಕೆಂದು ಅರ್ಜಿ ತುಂಬುವಾಗಲೇ ತಿಳಿದಿರಬೇಕು. ಕರ್ನಾಟಕದ ಸಿಇಟಿಯಲ್ಲಿ ಮಾತ್ರ ನಮ್ಮ ಕನ್ನಡಕ್ಕೆ ನೇರವಾದ ಬೆಲೆಯಿದೆ: ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ವಿಭಾಗಗಳಿದ್ದು, ಅವರಿಗಾಗಿ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆ ನಡೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಅದು ಕಷ್ಟದ ಪರೀಕ್ಷೆಯೇನಲ್ಲ. ದಾಖಲೆಗಳನ್ನು ಹೊಂದಿಸುವುದೇ ಹೆಚ್ಚು ಕಷ್ಟ.

ಸೀಟು ಸಿಕ್ಕಿದ ಮೇಲೆ ಎದುರಾಗುವುದು ಭಾಷೆಯ ಏರು. ಹತ್ತರವರೆಗೆ ವೇಗೋತ್ಕರ್ಷ, ಜಡತ್ವ, ವಿಭವಾಂತರ ಎಂದು ಅರ್ಥವರಿತು ಕಲಿತವಳು ಅದೇ ಸಂಗತಿಗಳನ್ನು ಅಪರಿಚಿತ ಹೆಸರುಗಳಲ್ಲಿ ಕೇಳಿ, ತನಗೆ ಏನೂ ಬಾರದು ಎಂದು ತೀರ್ಮಾನಿಸಿಬಿಡುತ್ತಾಳೆ. ವಿಷಯ ಬಲ್ಲವಳಿಗೆ ಹೆಸರು ಕಲಿಯಲು ಕೆಲವು ವಾರಗಳು ಸಾಕು. ಆ ವಾರಗಳಲ್ಲಿ ಪಕ್ಕದಲ್ಲಿ ಒಬ್ಬರು ಬೇಕು. ಮಹಿಳಾ ವೇದಿಕೆಗಳು ಮೊದಲ ಸೆಮಿಸ್ಟರಿನಲ್ಲಿ ಹಿರಿಯ ವಿದ್ಯಾರ್ಥಿನಿಯರಿಂದ ವಾರಕ್ಕೆರಡು ಸಂಜೆ ಗಣಿತವನ್ನೂ ಭೌತಶಾಸ್ತ್ರವನ್ನೂ ಕನ್ನಡ, ಮಲಯಾಳ, ಮರಾಠಿಗಳಲ್ಲಿ ಹೇಳಿಕೊಡುವ ಏರ್ಪಾಡು ಮಾಡಿದರೆ, ಅದು ಹತ್ತು ಪ್ರಮಾಣಪತ್ರಗಳಿಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ.

‘ಸಂಜೆ’ ಎಂದೊಡನೆ ಇನ್ನೊಂದು ಮಾತು. ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳು. ರಾತ್ರಿ ಅಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧ. ಅಂತಹ ಊರಿನ ಹುಡುಗಿಗೆ ಹಾಸ್ಟೆಲ್ ಇಲ್ಲದೆ ಎಂಜಿನಿಯರಿಂಗ್ ಇಲ್ಲ, ರಾತ್ರಿಯಿಡೀ ನಡೆಯುವ ಹ್ಯಾಕಥಾನೂ ಇಲ್ಲ. ಮಗಳನ್ನು ಕಳುಹಿಸಲು ಹಿಂಜರಿಯುವ ತಾಯಿಗೆ ಹಾಸ್ಟೆಲಿನ ಕೋಣೆ, ಅಡುಗೆಮನೆ, ವಾರ್ಡನ್ ಇವನ್ನು ತೋರಿಸುವ ಕಾರ್ಯಕ್ರಮವನ್ನು ಯಾವ ಕಾಲೇಜೂ ‘ಮಹಿಳಾ ಸಬಲೀಕರಣ’ ಎಂದು ಕರೆಯುವುದಿಲ್ಲ. ನಿಜವಾಗಿ ತೀರ್ಮಾನವಾಗುವುದು ಅಲ್ಲಿಯೇ.

ಶಾಲೆಯ ಹುಡುಗಿಯರನ್ನು ಮುಟ್ಟುವ ಯತ್ನಗಳು ಇಲ್ಲವೆಂದಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ವಿಜ್ಞಾನ ಜ್ಯೋತಿ’ಯು 2019-20ರಿಂದ ಒಂಬತ್ತರಿಂದ ಹನ್ನೆರಡನೆಯ ತರಗತಿಯ ಹುಡುಗಿಯರನ್ನು ಪ್ರಯೋಗಾಲಯಗಳಿಗೆ ಕರೆದೊಯ್ಯುತ್ತಿದೆ. ಆದರೆ ಅದು ನಡೆಯುವುದು ಜವಾಹರ ನವೋದಯ ವಿದ್ಯಾಲಯಗಳ ಆಶ್ರಯದಲ್ಲಿ. ನಮ್ಮ ಪಂಚಾಯಿತಿ ಶಾಲೆಗೆ ಅದರ ಬೆಳಕು ತಾನಾಗಿ ಬಾರದು. ಕಾಸರಗೋಡಿನ ಪೊವ್ವಲ್‌ನಲ್ಲಿ ಎಲ್‌ಬಿಎಸ್ ಕಾಲೇಜು, ಸೊಲ್ಲಾಪುರದಲ್ಲಿ ವಾಲ್‌ಚಂದ್ ಸಂಸ್ಥೆ, ಹೊಸೂರಿನಲ್ಲಿ ಅಧಿಯಮಾನ್ ಕಾಲೇಜು ನಮ್ಮ ಶಾಲೆಗಳಿಗೆ ಬಸ್ಸಿನ ದೂರದಲ್ಲಿವೆ. ಶಾಲೆಯ ರಕ್ಷಕ-ಶಿಕ್ಷಕ ಸಂಘವೇ ಮೊದಲು ಪತ್ರ ಬರೆಯಬಹುದು: ಮುಂದಿನ ಜೂನ್ 23ರಂದು ನಮ್ಮ ಒಂಬತ್ತು, ಹತ್ತನೆಯ ತರಗತಿಯ ಹುಡುಗಿಯರಿಗೂ ಅವರ ತಾಯಂದಿರಿಗೂ ಅರ್ಧ ದಿನ ಕೊಡಿ; ಕನ್ನಡ ಬಲ್ಲ ನಿಮ್ಮ ವಿದ್ಯಾರ್ಥಿನಿಯರೇ ಮಾತನಾಡಲಿ. ಹೀಗೆ ಕೇಳಿದ ಶಾಲೆಗೆ ಇಲ್ಲವೆನ್ನುವುದು ಯಾವ ಪ್ರಾಂಶುಪಾಲರಿಗೂ ಸುಲಭವಲ್ಲ.

ಆ ಅರ್ಧ ದಿನದಲ್ಲಿ ಎಐಸಿಟಿಇಯ ‘ಪ್ರಗತಿ’ ವಿದ್ಯಾರ್ಥಿವೇತನದ ಮಾತು ತಪ್ಪದೆ ಬರಲಿ. ವರ್ಷಕ್ಕೆ 50,000 ರೂಪಾಯಿ. ಕುಟುಂಬದ ಆದಾಯ ಮಿತಿ 8 ಲಕ್ಷ. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳಿಗೆ ದೊರೆಯಬಹುದು. ಹತ್ತರ ನಂತರ ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಓದುವವರಿಗೂ ಇದು ಅನ್ವಯಿಸುತ್ತದೆ. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷದ ಪದವಿಗೆ ಸೇರಿದವರೂ ಅರ್ಹರು. ಹೊಸ ಅರ್ಜಿಯನ್ನು ಕೋರ್ಸಿಗೆ ಸೇರಿದ ವರ್ಷವೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಸಲ್ಲಿಸಬೇಕು. ಆ ವರ್ಷ ತಪ್ಪಿದರೆ ಮುಂದೆ ಅವಕಾಶವಿಲ್ಲ. ಆದಾಯ ಪ್ರಮಾಣಪತ್ರವನ್ನು ಪ್ರವೇಶದ ಗಡಿಬಿಡಿಗೆ ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು.